ಚಿತ್ತಯ್ಯನ ಐದನೇ ನಂಬರ್

ಬಾಳ ಹಿಂದೆ, ಒಂದೂರಲ್ಲಿ, ಅಂತ ಶುರು ಮಾಡ್ಬೇಕು. ಎಲ್ರೂ ಹಂಗೇ ಶುರು ಮಾಡ್ತಾರೆ. ಆ ಒಂದೂರು ಬೇರೆ ಯಾವ್ದೋ ಆಗಿದ್ದಿದ್ರೆ ನಂಗೆ ಹೇಳೋಕೆ ಸಲೀಸಿರ್ತಿತ್ತು. ಆದ್ರೆ ಅದು ನಮ್ಮೂರೇ. ಇಷ್ಟು ದಿನ ಅಜ್ಜಿ ಹೇಳ್ತಿದ್ಲು, ನಾನು ಕೇಳ್ತಿದ್ದೆ. ಈ ಸಲ ನೀನೇ ಹೇಳು ಅಂದ್ಲು. ನಂಗೆ ನಾಕು ಜನರ ಮುಂದೆ ಮಾತು ತಡವರಿಸುತ್ತೆ. ಎಲ್ಲಾದ್ರೂ ತಪ್ಪಿದ್ರೆ ಅಜ್ಜಿ ಇಲ್ಲೇ ಕೂತಿದಾಳೆ, ತಿದ್ತಾಳೆ.

ಬಾಳ ಹಿಂದೆ ಅಂದ್ರೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಕೆರೆ ಆಗ್ಲೂ ಇತ್ತು. ಕೆರೆ ಪಡುವಲಕ್ಕೆ ನಾವು, ಮೂಡಲಕ್ಕೆ ಅವ್ರು. ಅದಕ್ಕೇ ನಮ್ಮೂರು ಪಡ್ಲದಡ, ಅವರೂರು ಮೂಡ್ಲದಡ. ಬೇಸಗೇಲಿ ನೀರು ಇಳಿದ ಮೇಲೆ ಕೆರೆ ಅಂಗಳದಲ್ಲಿ ಹುಲ್ಲು ಚಿಗುರುತ್ತಲ್ಲ, ಆ ಹುಲ್ಲಿಗೆ ಯಾರ ದನ ಮೊದ್ಲು ಇಳೀಬೇಕು ಅಂತ ಎರಡೂರಿಗೂ ಜಗಳ. ಕೋಲು ಹಿಡಿದು ಹೊಡೆದಾಡಿ ತಲೆ ಒಡ್ಕೊಂಡು ಸಾಕಾಗಿ, ಕೊನೇಗೆ ಹಿರೀಕರು ಒಂದು ಕಟ್ಟುಪಾಡು ಮಾಡಿದ್ರಂತೆ. ವರ್ಷಕ್ಕೊಂದ್ಸಲ ಎರಡೂರೂ ಕಬಡ್ಡಿ ಆಡ್ಬೇಕು. ಗೆದ್ದೋರ ದನ ಮೊದ್ಲು ಇಳೀತವೆ. ಸೋತೋರ ದನ ಏರಿ ಮೇಲೆ ನಿಂತು ನೋಡ್ತಿರ್ಬೇಕು, ಉಳಿದಿದ್ದು ಮೇಯ್ಬೇಕು. ದನ ನೋಡ್ತಿರುತ್ತೆ, ಅದರ ಹಿಂದೆ ಊರೂ ನೋಡ್ತಿರುತ್ತೆ. ಅದಕ್ಕೇ ಕಬಡ್ಡಿ ಅಂದ್ರೆ ನಮ್ಮೋರಿಗೆ ಆಟ ಆಗಿರ್ಲಿಲ್ಲ.

ನಮ್ಮೋರು ಮೈಮೇಲೆ ಬಿಳೀ ಬನೀನ್ ಹಾಕ್ಕೊಂಡು ಆಡೋರು. ಮೂಡ್ಲದಡದೋರು ಬರೀ ಮೈ. ನಮ್ಮೋರ ಬನೀನ್ ಬೆನ್ನ ಮೇಲೆ ಮಡಿವಾಳರ ಮನೆಯೋರು ಕರಿಗೇರುಬೀಜದ ಕಪ್ಪು ರಸದಲ್ಲಿ ನಂಬರ್ ಬರೆದು ಕೊಡೋರು. ಬಟ್ಟೆ ಯಾರ ಮನೇದು ಅಂತ ಗುರುತು ಹಾಕ್ತಾರಲ್ಲ, ಅದೇ ರಸ. ಎಷ್ಟು ಒಗೆದ್ರೂ ಹೋಗಲ್ಲ. ಒಂದನೇ ನಂಬರ್ ಮಾತ್ರ ಯಾರೂ ಹಾಕ್ಕೋತಿರ್ಲಿಲ್ಲ. ಅದು ಪಟೇಲ ದಾಸೇಗೌಡ್ರ ಅಪ್ಪಂದು. ಅವ್ರು ಒಂದ್ಸಲ ಮೈಮೇಲೆ ಮೂರು ಆಳನ್ನ ಹೊತ್ಕೊಂಡೇ ಗೆರೆ ಮುಟ್ಟಿದ್ರಂತೆ. ಅವ್ರು ಹೋದ ಮೇಲೆ ಆ ಬನೀನ ಚಾವಡಿ ತೊಲೆಗೆ ತೂಗಾಕಿದ್ರು. ಅಂಥೋನು ಇನ್ನೊಬ್ಬ ಹುಟ್ಟಲ್ಲ, ಆ ನಂಬರ್ ಇನ್ನೊಬ್ಬ ಹಾಕ್ಕೋಬಾರ್ದು ಅಂತ. ನಮ್ಮೂರಲ್ಲಿ ಒಬ್ಬಂಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರ್ಲಿಲ್ಲ. ನಂಬರ್ ತೂಗಾಕೋದು ಅನ್ನೋರು ಅದಕ್ಕೆ.

ಐದನೇ ನಂಬರ್ ಚಿತ್ತಯ್ಯನ್ದು.

ಚಿತ್ತಯ್ಯ ಸುಣ್ಣ ಸುಡೋನು. ಊರಾಚೆ ಅವನ ಗೂಡು. ಬೆಂದ ಕಲ್ಲು ಗೂಡಿಂದ ತೆಗೆಯೋವಾಗ ಬಿಸಿ ದೂಳು ಏಳುತ್ತೆ, ಉಸಿರು ಎಳ್ಕೊಂಡ್ರೆ ಎದೆ ಸುಡುತ್ತೆ. ಚಿಕ್ಕಂದಿನಿಂದ ಉಸಿರು ಕಟ್ಟಿ ಕಟ್ಟಿ ಅವನ ಎದೆ ಕಮ್ಮಾರನ ತಿದಿ ಥರ ಆಗಿತ್ತಂತೆ. ಚಿತ್ತಯ್ಯ ಕಬಡ್ಡಿ ಅಂತ ಗೆರೆ ದಾಟಿದ್ರೆ ಹೆಂಗಸ್ರು ಒಲೆ ಮೇಲೆ ಎಸರಿಡೋರಂತೆ. ಎಸರು ಮರಳಿ, ಹಿಟ್ಟು ಬೆಂದು, ಮುದ್ದೆ ಕಟ್ಟೋ ಹೊತ್ತಿಗೆ ಅವ್ನು ಅದೇ ಉಸಿರಲ್ಲಿ ವಾಪಸ್ ಬರೋನಂತೆ. ಅವ್ನು ಉಸಿರು ಕಟ್ಟಿದ್ರೆ ಏರಿ ಮೇಲಿನ ಹೊಂಗೆ ಎಲೇನೂ ಅಲ್ಲಾಡ್ತಿರ್ಲಿಲ್ಲ ಅಂತಾರೆ. ನಾನು ನೋಡಿದೋನಲ್ಲ. ಅಂತಾರೆ.

ಇನ್ನೊಂದು ಮಾತು ಹೇಳ್ಬೇಕು. ಉಳಿದೋರೆಲ್ಲ ಉಸಿರು ಕದಿಯೋರು. ಕಬಡ್ಡಿ ಕಬಡ್ಡಿ ಅಂತಿರೋವಾಗ್ಲೇ ತಲೆ ಬಗ್ಗಿಸೋ ನೆಪದಲ್ಲಿ ಒಂಚೂರು ಒಳಕ್ಕೆ ಎಳ್ಕೊಳ್ಳೋದು. ಯಾರಿಗೂ ಗೊತ್ತಾಗಲ್ಲ. ನಮ್ಮೋರೂ ಕದಿಯೋರು, ಅವ್ರೂ ಕದಿಯೋರು. ಹೆಂಗೆ ಕದೀಬೇಕು ಅಂತ ಹುಡುಗ್ರಿಗೆ ಹೇಳಿಕೊಡೋರು. ಚಿತ್ತಯ್ಯಂಗೆ ಅದರ ಅವಶ್ಯಕತೆ ಇರ್ಲಿಲ್ಲ, ಅದಕ್ಕೆ ಅವ್ನು ಕದಿಯೋದು ಕಲೀಲಿಲ್ಲ ಅಂತ ಕೆಲವ್ರು ಅಂತಾರೆ. ಅವಶ್ಯಕತೆ ಇದ್ದಾಗ ಏನ್ಮಾಡ್ದ ಅನ್ನೋದೇ ಈ ಕತೆ.

ಆ ವರ್ಷ ಮಳೆ ಹಿಂದಾಗಿತ್ತು, ಹುಲ್ಲು ಕಮ್ಮಿ. ಮೊದ್ಲು ಇಳಿದ ದನಕ್ಕೇ ಸಾಲ್ದು, ಆಮೇಲೆ ಇಳಿಯೋದಕ್ಕೆ ಮಣ್ಣೇ ಗತಿ ಅನ್ನೋ ಹಂಗಿತ್ತಂತೆ. ಎರಡೂರೂ ಕೆರೆ ಅಂಗಳದಲ್ಲಿ ಸೇರಿದ್ವು. ಆಟ ಸಮಸಮ ಬಂತು. ಕೊನೇಗೆ ಅವರ ಕಡೆ ಒಬ್ಬ ಉಳಿದ, ನಮ್ಮ ಕಡೆ ಚಿತ್ತಯ್ಯ ಉಳಿದ. ಚಿತ್ತಯ್ಯ ಗೆರೆ ದಾಟಿದ. ಆ ಕಡೆಯೋನು ಚಾಲಾಕಿ, ಕೈಗೆ ಸಿಗ್ತಾನೇ ಇಲ್ಲ, ಹಿಂದಕ್ಕೆ ಹಿಂದಕ್ಕೆ ಹೋಗ್ತಾನೆ. ಆಟ ನಡೀತು, ನಡೀತು, ನಡೀತಾನೇ ಇತ್ತು. ಕೊನೇಗೆ ಚಿತ್ತಯ್ಯ ಚಿಮ್ಮಿ ಅವನ ಹೆಗಲು ಮುಟ್ಟಿ, ತಿರುಗಿ, ಕಬಡ್ಡಿ ಅಂತಾನೇ ಗೆರೆ ದಾಟಿ ಬಂದ.

ನಮ್ಮೋರು ಕುಣಿದ್ರು. ಆಗ್ಲೇ ಯಾರೋ ದನದ ಹಗ್ಗ ಬಿಚ್ಚೋಕೆ ಓಡಿದ್ರಂತೆ. ಚಿತ್ತಯ್ಯ ಮಾತ್ರ ಗೆರೆ ಹತ್ರಾನೇ ನಿಂತಿದ್ದ. ನಿಂತು ಕೈ ಎತ್ತಿದ. ಮುಟ್ಟೋಕೆ ಮುಂಚೆ, ಆ ಕಡೆ ಇದ್ದಾಗ್ಲೇ ಉಸಿರು ಒಡೀತು ಅಂದ.

ದಾಸೇಗೌಡ್ರು ಅವನ ಹತ್ರ ಬಂದ್ರು. ಮೊದ್ಲು ಬೈಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ್ರಂತೆ.

"ಸರಿಯಾಗಿ ಯೋಚ್ನೆ ಮಾಡಿ ಹೇಳು ಚಿತ್ತಯ್ಯ. ಯಾರಿಗೂ ಕೇಳಿಸ್ಲಿಲ್ಲ."

"ನಂಗೆ ಕೇಳಿಸ್ತು ಗೌಡ್ರೇ."

ಅಷ್ಟೇ. ಈ ಎರಡು ಮಾತು ಮಾತ್ರ ಯಾರು ಹೇಳಿದ್ರೂ ಬದ್ಲಾಗಲ್ಲ. ಎಸರು ಮರಳೋದು, ಎಲೆ ಅಲ್ಲಾಡೋದು ಒಬ್ಬೊಬ್ರ ಬಾಯಲ್ಲಿ ಒಂದೊಂದು ಥರ. ಇದು ಎಲ್ರ ಬಾಯಲ್ಲೂ ಹಿಂಗೇ.

ನಮ್ಮೋರು ಸೋತ್ರು. ಮೂಡ್ಲದಡದ ದನ ಇಳಿದ್ವು.

ಇನ್ಮೇಲಿನದ್ದು ಹೇಳೋಕೇ ನಾಚಿಕೆ ಆಗೋದು. ಊರಿಗೆ ವಾಪಸ್ ಬರೋವಾಗ ಏರಿ ಮೇಲೆ ಚಿತ್ತಯ್ಯನ್ನ ಸುತ್ತುವರಿದ್ರು. ಬನೀನ್ ಬಿಚ್ಚು ಅಂದ್ರು. ಅವ್ನು ಬಿಚ್ಚೋಕೆ ಕೈ ಎತ್ತಿದ, ಅಷ್ಟರಲ್ಲಿ ಯಾರೋ ಹಿಡಿದು ಎಳೆದೇ ಬಿಟ್ರು. ಕೆಲವ್ರು ಬರೀ ಬನೀನ್ ಎಳೆದ್ರು ಅಂತಾರೆ, ಕೆಲವ್ರು ಹೊಡೆದ್ರೂನೂ ಅಂತಾರೆ. ಹೊಡೆದ್ರು ಅಂತ ಅಜ್ಜಿ ಹೇಳಲ್ಲ. ಹೊಡೀಲಿಲ್ಲ ಅಂತಾನೂ ಹೇಳಲ್ಲ.

ಆಮೇಲೆ ಅವನಿಗೆ ಮೂಡ್ಲದಡದ ಅಳಿಯ ಅಂತ ಹೆಸರಿಟ್ರು. ಅಳಿಯಂದಿರೇ, ಮಾವನ ಮನೆ ದನ ಮೇದ್ವಾ ಅಂತ ಹೋಗ್ತಾ ಬರ್ತಾ ಕೇಳೋರು. ಅವನ ಹತ್ರ ಸುಣ್ಣ ತಗೊಳ್ಳೋದು ಬಿಟ್ರು. ಹಬ್ಬ ಬಂತು, ಗೋಡೆಗೆ ಸುಣ್ಣ ಬಳೀಬೇಕು. ಚಿತ್ತಯ್ಯನ ಸುಣ್ಣ ಬಳಿಯೋದಕ್ಕಿಂತ ಹಂಗೇ ಇರ್ಲಿ ಅಂದ್ರು. ಆ ಹಬ್ಬದಲ್ಲಿ ನಮ್ಮೂರ ಗೋಡೆ ಎಲ್ಲಾ ಹೊಗೆ ಹಿಡಿದು ಕಪ್ಪಗೇ ಇದ್ವಂತೆ. ಕೆರೆ ಆಚೆಯಿಂದ ಮೂಡ್ಲದಡದ ಗೋಡೆ ಬಿಸಿಲಲ್ಲಿ ಬೆಳ್ಳಗೆ ಹೊಳೀತಿದ್ವಂತೆ. ಅವನ ಗೂಡಿನ ಸುಣ್ಣ ಎಲ್ಲಾ ಅವ್ರೇ ಕೊಂಡಿದ್ರು.

ಒಂದಿನ ಚಿತ್ತಯ್ಯನ ಗೂಡಲ್ಲಿ ಬೆಂಕಿ ಹೊತ್ಲಿಲ್ಲ. ಮಾರನೇ ದಿನಾನೂ ಹೊತ್ಲಿಲ್ಲ. ಹೋಗಿ ನೋಡಿದ್ರೆ ಅವ್ನು ಇಲ್ಲ. ಎಲ್ಲಿಗೋ ಹೊರಟೋದ ಅಂತ ಒಬ್ರು. ದೂರದ ಯಾವ್ದೋ ಊರಲ್ಲಿ ಸತ್ತ ಅಂತ ಇನ್ನೊಬ್ರು. ಕೆರೆ ತಳದಲ್ಲಿ ಉಸಿರು ಕಟ್ಟಿ ಕೂತಿದಾನೆ, ನೀರು ಗುಳುಗುಳು ಅಂದ್ರೆ ಅವನ್ದೇ ಅಂತ ಮಕ್ಕಳಿಗೆ ಹೇಳೋರು. ಅವನ ಅಕ್ಕ ಗಿರಿಯಮ್ಮ ಒಬ್ಬಳು ಮನೇಲಿ ಉಳಿದ್ಲು.

ಬನೀನಿಗೆ ಏನಾಯ್ತು ಅಂದ್ರೆ, ಐದನೇ ನಂಬರ್ ಇನ್ನೊಬ್ಬಂಗೆ ಕೊಟ್ರು. ಅವ್ನು ಹಾಕ್ಕೊಂಡ ಮೇಲೆ ಬೆನ್ನ ಮೇಲೆ ಬೊಬ್ಬೆ ಎದ್ದು, ನೋಡಿದ್ರೆ ಬೊಬ್ಬೆ ಐದರ ಆಕಾರದಲ್ಲೇ ಇತ್ತು ಅಂತಾರೆ. ಗೇರುರಸ ಮೈಗೆ ತಾಗಿದ್ರೆ ಬೊಬ್ಬೆ ಬರುತ್ತೆ ಅಂತ ನಾನು ಪುಸ್ತಕದಲ್ಲಿ ಓದಿದೀನಿ. ಅದನ್ನ ಒಂದ್ಸಲ ಅಜ್ಜಿಗೆ ಹೇಳ್ದೆ. ಉಳಿದ ನಂಬರ್ ಬರೆದಿದ್ದೂ ಅದೇ ರಸದಲ್ಲಿ ತಾನೇ ಮಗಾ, ಅವರಿಗೆ ಯಾಕೆ ಬರ್ಲಿಲ್ಲ ಅಂತ ಕೇಳಿದ್ಲು.

ಬೊಬ್ಬೆ ಬಂದ್ರೂ ನಮ್ಮೋರು ಬಿಡ್ಲಿಲ್ಲ. ಒಬ್ಬನಾದ ಮೇಲೆ ಒಬ್ಬಂಗೆ ಹಾಕಿದ್ರು. ಚೆನ್ನಾಗಿ ಉಸಿರು ಕದ್ರು, ವರ್ಷಾ ವರ್ಷಾ ಗೆದ್ರು. ನಮ್ಮ ದನ ಮೊದ್ಲು ಇಳಿದ್ವು. ಚಿತ್ತಯ್ಯನ್ನ ಮರೆತೇಬಿಟ್ರು.

ಹಿಂಗೇ ಇರೋವಾಗ ಒಂದು ವರ್ಷ ಮೂಡ್ಲದಡದೋರೂ ಬನೀನ್ ಹಾಕ್ಕೊಂಡು ಬಂದ್ರು. ನಮ್ಮೋರನ್ನ ನೋಡೇ ಹೊಲಿಸ್ಕೊಂಡಿದ್ರು. ಬೆನ್ನ ಮೇಲೆ ನಂಬರೂ ಬರೆಸಿದ್ರು. ಸಾಲಾಗಿ ನಿಂತ್ರು. ಒಂದು, ಎರಡು, ಮೂರು, ನಾಕು, ಆರು, ಏಳು, ಎಂಟು.

ದಾಸೇಗೌಡ್ರು ಆಗ ಮುದುಕರಾಗಿದ್ರು, ಆದ್ರೂ ನಾಲಿಗೆ ಮುದಿಯಾಗಿರ್ಲಿಲ್ಲ. ಮೂಡ್ಲದಡದ ಯಜಮಾನ ರಂಗಜ್ಜನ್ನ ಕರೆದು, ಎಲ್ರಿಗೂ ಕೇಳೋ ಹಂಗೆ ಅಂದ್ರು.

"ಏನು ರಂಗಜ್ಜ, ನಿಮ್ಮೂರಲ್ಲಿ ದನ ಎಣಿಸೋದೂ ಹಿಂಗೇನಾ? ನಾಕಾದ ಮೇಲೆ ಆರು?"

ನಮ್ಮೋರು ಹೊಟ್ಟೆ ಹಿಡ್ಕೊಂಡು ನಕ್ರು. ರಂಗಜ್ಜ ನಗ್ಲಿಲ್ಲ, ಸಿಟ್ಟೂ ಆಗ್ಲಿಲ್ಲ. ಗೊತ್ತಿಲ್ಲದೋರಿಗೆ ಹೇಳೋ ಹಂಗೆ ಹೇಳಿದ್ನಂತೆ.

"ಐದು ನಿಮ್ಮ ಚಿತ್ತಯ್ಯನ್ದಲ್ವಾ ಗೌಡ್ರೇ. ನಮ್ಮೂರಲ್ಲಿ ಅದನ್ನ ಯಾರೂ ಹಾಕ್ಕೊಳ್ಳಲ್ಲ."

ಆಗ ನಮ್ಮ ಸಾಲಲ್ಲಿ ಐದನೇ ನಂಬರ್ ಹಾಕ್ಕೊಂಡು ಒಬ್ಬ ನಿಂತಿದ್ನಲ್ಲ, ಅವ್ನು ಮೆಲ್ಲಗೆ ತಿರುಗಿ, ಅವರಿಗೆ ಬೆನ್ನು ಕಾಣದ ಹಂಗೆ ನಿಂತ್ಕೊಂಡ. ಆವತ್ತು ಯಾರು ಗೆದ್ರು ಅಂತ ಯಾರಿಗೂ ನೆನಪಿಲ್ಲ. ನಮ್ಮೂರಲ್ಲಿ ಎಲ್ಲಾ ವರ್ಷದ ಸೋಲು ಗೆಲುವೂ ಹೇಳೋರಿದಾರೆ. ಆ ವರ್ಷದ್ದು ಕೇಳಿದ್ರೆ ಮಾತು ಬದಲಾಯಿಸ್ತಾರೆ.

ವಾಪಸ್ ಬಂದು ಚಾವಡೀಲಿ ಸೇರಿದ್ರು. ನಾವೂ ಐದನೇ ನಂಬರ್ ತೂಗಾಕೋಣ ಅಂತ ಒಬ್ರು ಎತ್ತಿದ್ರು. ಅದು ಹೆಂಗಾಗುತ್ತೆ, ಗೆಲ್ಲಿಸಿದೋನ ನಂಬರ್ ತೂಗಾಕೋದು ಸರಿ, ಸೋಲಿಸಿದೋನ್ದೂ ತೂಗಾಕಿದ್ರೆ ಇಡೀ ಊರ ಬನೀನ್ ತೊಲೆ ಮೇಲೇ ಇರ್ಬೇಕಾಗುತ್ತೆ ಅಂತ ಇನ್ನೊಬ್ರು ಅಂದ್ರು. ಮೂರು ಆಳು ಹೊತ್ತೋನು ದೊಡ್ಡೋನಾ, ಕೈ ಎತ್ತಿದೋನು ದೊಡ್ಡೋನಾ ಅಂತ ಮಾತು ಬೆಳೀತು. ಆಳು ಹೊರೋದು ಮೈಯಿದ್ರೆ ಯಾರಾದ್ರೂ ಕಲೀಬೋದು ಅಂತ ಯಾರೋ ಅಂದಿದ್ದಕ್ಕೆ ದಾಸೇಗೌಡ್ರು ಎದ್ದು ಹೋಗೋಕೆ ಹೊರಟ್ರು. ಹೊರಟೋರು ಹೋಗ್ಲಿಲ್ಲ. ಬಾಗಿಲಲ್ಲೇ ನಿಂತು, ತೂಗಾಕಿ, ನಮ್ಮಪ್ಪಂದರ ಪಕ್ಕದಲ್ಲೇ ತೂಗಾಕಿ ಅಂದ್ರು. ಅವರ ಬಾಯಲ್ಲಿ ಆ ಮಾತು ಬಂದ ಮೇಲೆ ಯಾರೂ ಎದುರಾಡ್ಲಿಲ್ಲ. ಬನೀನ್ ತರಿಸಿದ್ರು. ಏಣಿ ತಂದ್ರು.

ಆಗ ಗಿರಿಯಮ್ಮ ಬಂದ್ಲು. ಯಾರೂ ಕರೆದಿರ್ಲಿಲ್ಲ. ಚಾವಡಿ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ್ಲು. ಏಣಿ ಹತ್ತಿದೋನ್ನ ಇಳಿಯಪ್ಪ ಅಂದ್ಲು.

"ತೂಗಾಕ್ಬೇಡಿ ಗೌಡ್ರೇ. ತೂಗಾಕಿದ್ರೆ ನಿಮ್ಮ ಎದೆ ಹಗುರ ಆಗೋಗುತ್ತೆ. ಮೂಡ್ಲದಡದೋರು ಆ ನಂಬರ್ ಹಾಕ್ಕೊಳ್ಳದೇ ಬಿಡ್ಲಿ, ಅವ್ರು ಅವನ ಮೈಮೇಲಿಂದ ಕಿತ್ಕೊಂಡಿಲ್ಲ. ನೀವು ಬಿಡೋಕೆ ಆಗಲ್ಲ, ಹಾಕ್ಕೋಬೇಕು. ಉಸಿರು ಒಡೆದಾಗ ಕೈ ಎತ್ತೋನು ಯಾರಾದ್ರೂ ಇದ್ರೆ ಹಾಕ್ಕೊಳ್ಲಿ. ಒಬ್ಬ ಎತ್ತಲಿ. ಆಮೇಲೆ ಬೇಕಾದ್ರೆ ತೂಗಾಕಿ."

ಇಷ್ಟು ಹೇಳಿ ಹೋದ್ಲು. ಅವಳು ಅತ್ಲು ಅಂತ ಕೆಲವ್ರು ಹೇಳ್ತಾರೆ. ಅಜ್ಜಿ ಮಾತ್ರ ಅಳ್ಲಿಲ್ಲ ಅಂತಾಳೆ. ಅತ್ತಿದ್ರೆ ನಮ್ಮೋರು ಸಮಾಧಾನ ಮಾಡಿ ಮುಗಿಸ್ತಿದ್ರು ಅಂತಾಳೆ.

ಅವತ್ತಿಂದ ಅದೇ ನಡೀತಾ ಬಂದಿದೆ. ಈಗ ಹುಲ್ಲಿಗೋಸ್ಕರ ಯಾರೂ ಆಡಲ್ಲ, ಆದ್ರೂ ವರ್ಷಕ್ಕೊಂದ್ಸಲ ಎರಡೂರೂ ಸೇರಿ ಕಬಡ್ಡಿ ಆಡ್ತಾರೆ. ಹಳೇ ಬನೀನ್ ಯಾವಾಗ್ಲೋ ಮಣ್ಣಾಯ್ತು. ಅದು ಹಾಳಾದಾಗೆಲ್ಲ ಹೊಸದು ಹೊಲಿಸಿ, ಮಡಿವಾಳರ ಮನೇಲಿ ಐದು ಅಂತ ಬರೆಸಿ ಇಟ್ಟಿರ್ತಾರೆ. ಆಟಕ್ಕೆ ಮುಂಚೆ ಊರಿನ ಹಿರಿಯರು ಅದನ್ನ ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಯಾರು ಹಾಕ್ಕೋತೀರಪ್ಪ ಅಂತ ಕೇಳ್ತಾರೆ. ಉಸಿರು ಕದಿಯೋದಿಲ್ಲ ಅಂತ ಊರ ಮುಂದೆ ಒಪ್ಕೊಂಡು ಹಾಕ್ಕೋಬೇಕು. ಉಸಿರು ಒಡೆದ್ರೆ, ಊರು ಸೋತ್ರೂ ಕೈ ಎತ್ತಬೇಕು.

ದೂರದಿಂದ ಆಟ ನೋಡೋಕೆ ಬಂದೋರು ಇರ್ತಾರೆ. ಮೂಡ್ಲದಡದೋರು ಏಳು ಜನ ಇಳಿದು ನಮ್ಮೋರು ಆರೇ ಜನ ಇಳಿದಿದ್ದು ನೋಡಿ, ಸತ್ತೋನಿಗೆ ಎಂಥಾ ಮರ್ಯಾದೆ ಕೊಡ್ತೀರಪ್ಪ, ಅವನ ಜಾಗಾನೇ ಖಾಲಿ ಬಿಟ್ಟಿದೀರಲ್ಲ ಅಂತಾರೆ. ಹೂಂ ಅನ್ನೋಕೆ ಬಾಯಿ ಬರಲ್ಲ. ಅಲ್ಲ ಅಂದ್ರೆ ಇಷ್ಟೆಲ್ಲಾ ಹೇಳ್ಬೇಕಾಗುತ್ತೆ.

ಹಿರಿಯರು ಕೇಳಿದಾಗ ಆಡೋರೆಲ್ಲ ನೆಲ ನೋಡ್ತಾರೆ. ಆಡದೋರೂ ನೆಲ ನೋಡ್ತಾರೆ. ನಾನು ಯಾವತ್ತೂ ಆಡಿದೋನಲ್ಲ, ಗುಂಪಲ್ಲಿ ಹಿಂದೆ ನಿಂತಿರ್ತೀನಿ, ನಾನೂ ನೆಲಾನೇ ನೋಡ್ತೀನಿ. ಸ್ವಲ್ಪ ಹೊತ್ತು ಕಾದು ಅವ್ರು ಬನೀನ್ನ ನಿಧಾನಕ್ಕೆ ಮಡಿಸ್ತಾರೆ. ಆಮೇಲೆ ಆರು ಜನ ಇಳೀತಾರೆ.