ಕಲಸುವ ಪಂಡಿತೆ ಸಿದ್ದಾಜಮ್ಮ

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಬಿಳಿಗುಡ್ಡ ಅಂತ ಒಂದು ರಾಜ್ಯ. ಅಲ್ಲಿನ ಬಿಳಿಮಣ್ಣಿನಲ್ಲಿ ಭರಣಿ ಮಾಡಿದರೆ ಉಪ್ಪಿನಕಾಯಿ ಮೂರು ವರ್ಷ ಇಟ್ಟರೂ ಬೂಸ್ಟು ಹಿಡಿಯುತ್ತಿರಲಿಲ್ಲ. ಆದರೆ ಭರಣಿ ಮಾಡುವ ವಿದ್ಯೆ ಅಲ್ಲಿನ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಡಲಾಚೆಯಿಂದ ಬಂದ ಭರಣಿ ಕಂಪನಿಯ ಯಜಮಾನ ಝಂಪಾಲನಿಗೆ.

ರಾಜ ಹೇಳಿದ, "ಹನ್ನೆರಡು ವರ್ಷ ಗುಡ್ಡ ನಿನ್ನದು. ಅಷ್ಟರೊಳಗೆ ನಮ್ಮ ಜನಕ್ಕೆ ಭರಣಿ ಮಾಡೋದು ಕಲಿಸು. ಕಲಿತರೆ ಗುಡ್ಡ ಅವರಿಗೆ. ಕಲಿಯದೇ ಹೋದರೆ ಕೊನೇತನಕ ನಿನಗೆ."

ಬೆಕ್ಕನ್ನು ಹಾಲಿಗೆ ಕಾವಲಿಟ್ಟರೆ ಏನಾಗುತ್ತೆ? ಅದೇ ಆಯಿತು.

ಝಂಪಾಲ ದೊಡ್ಡದೊಂದು ವಿಶ್ವವಿದ್ಯಾಲಯ ಕಟ್ಟಿಸಿದ. ಕೆಲಸಗಾರರೇ ವಿದ್ಯಾರ್ಥಿಗಳು. ಮಣ್ಣು ಜರಡಿ ಹಿಡಿಯುವವರಿಗೆ ಜರಡಿ ಮಾತ್ರ ಕಲಿಸಿದ. ಕುಂಬಾರನ ಚಕ್ರ, ಅದೇ ತಿಗರಿ, ತಿರುಗಿಸುವವರಿಗೆ ತಿಗರಿ ಮಾತ್ರ. ಬೆಂಕಿಯವರಿಗೆ ಬೆಂಕಿ ಮಾತ್ರ. ಒಬ್ಬರ ಪಾಠ ಇನ್ನೊಬ್ಬರ ಕಿವಿಗೆ ಬೀಳದಂತೆ ನಡುವೆ ಗೋಡೆ. ಕೊನೆಗೆ ಎಲ್ಲರಿಗೂ ಪೇಟ ಸುತ್ತಿ, ಬಿರುದಿನ ಪತ್ರ ಕೊಟ್ಟ. ಜರಡಿ ಪಂಡಿತ, ತಿಗರಿ ಪಂಡಿತ, ಬೆಂಕಿ ಪಂಡಿತ! ಊರ ತುಂಬ ಪಂಡಿತರು, ಮನೆಯಲ್ಲಿ ಒಂದು ಭರಣಿಯಿಲ್ಲ.

ಸಿದ್ದಾಜಮ್ಮ ಮಣ್ಣು ಕಲಸುವವಳು. ಅವಳಿಗೂ 'ಕಲಸುವ ಪಂಡಿತೆ' ಅಂತ ಪತ್ರ ಸಿಕ್ಕಿತ್ತು. ಓದು ಬಾರದವಳು ಪಾಪ, ಆ ಪತ್ರವನ್ನು ನೋಡಿ ನೋಡಿ 'ಕಲಸು' ಅನ್ನುವಷ್ಟು ಅಕ್ಷರ ಮಾತ್ರ ಗುರುತು ಹಿಡಿಯುತ್ತಿದ್ದಳು.

ಒಂದು ದಿನ ಕೇಳಿದಳು, "ಬುದ್ಧೀ, ಕಲಸಿದ ಮೇಲೆ ಏನ್ ಮಾಡ್ತಾರೆ?"

"ಅದು ನಿನ್ನ ಪಾಠ ಅಲ್ಲ" ಅಂದ ಝಂಪಾಲ.

ಎರಡನೇ ದಿನ ಕೇಳಿದಳು. "ಅಧಿಕಪ್ರಸಂಗ" ಅಂದ. ಮೂರನೇ ದಿನ ಕೇಳಿದಳು. ಅವನು ಉರಿದುಬಿದ್ದು, "ನಿಮ್ಮ ಭಾಷೆ ನನಗೆ ನೀರು ಕುಡಿದಷ್ಟು ಸುಲಭ" ಎನ್ನುತ್ತ ತಾನೇ ಕೂತು ತಾಮ್ರದ ತಗಡಿನ ಮೇಲೆ ಒಂದು ಆಣೆ ಕೊರೆದ. ಕಂಪನಿಯಲ್ಲಿ ಕಲಿತದ್ದನ್ನು ಯಾರೂ ಯಾರಿಗೂ ಕಲಿಸಬಾರದು, ಕಲಿಸಿದವರು ರಾಜ್ಯ ಬಿಟ್ಟು ಹೋಗಬೇಕು ಅಂತ ಬಾಯಲ್ಲಿ ಹೇಳಿ, ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡ.

ಸಿದ್ದಾಜಮ್ಮನಿಗೆ ಭಯವಾಯಿತು. ಹುಟ್ಟಿದ ನೆಲ ಬಿಟ್ಟು ಎಲ್ಲಿಗೆ ಹೋಗುವುದು? ಆದರೆ ಗುಡ್ಡ ಕೈ ತಪ್ಪಿದರೆ ಇದ್ದೂ ಏನು ಸುಖ? ಊಟದ ಹೊತ್ತಿಗೆ ಗೋಡೆಯಿಲ್ಲವಲ್ಲ! ಬುತ್ತಿ ಬಿಚ್ಚಿದಳು. ಜರಡಿಯವಳಿಗೆ, "ಅತ್ತೆ, ತಕ್ಕೋ ಹುಳಿಯನ್ನ, ಜರಡಿ ಹೆಂಗೆ ಹಿಡೀತೀಯ ಹೇಳು" ಅಂದಳು. ತಿಗರಿಯವನಿಗೆ, "ಅಣ್ಣ, ತಕ್ಕೋ ಚಟ್ನಿ, ತಿಗರಿ ಹೆಂಗೆ ತಿರುಗಿಸ್ತೀಯ ಹೇಳು" ಅಂದಳು. ಬೆಂಕಿಯವನಿಗೆ, "ಮಾವ, ತಕ್ಕೋ ರೊಟ್ಟಿ, ಉರಿ ಎಷ್ಟಿಡ್ತೀಯ ಹೇಳು" ಅಂದಳು. ತನ್ನ ಕಲಸುವ ಹದವನ್ನು ಮೂವರಿಗೂ ಹೇಳಿಕೊಟ್ಟಳು. ವರ್ಷ ತಿರುಗುವಷ್ಟರಲ್ಲಿ ನಾಲ್ವರಿಗೂ ಪೂರ್ತಿ ವಿದ್ಯೆ ಬಂತು.

ಹನ್ನೆರಡು ವರ್ಷ ತುಂಬಿತು. ರಾಜ ಬಂದ. ಝಂಪಾಲ ತನಗೆ ಬೇಕಾದ ಬೇರೆ ಮೂವರು ಪಂಡಿತರನ್ನು ಮುಂದೆ ನಿಲ್ಲಿಸಿದ.

"ಭರಣಿ ಮಾಡಿ ತೋರಿಸಿ" ಅಂದ ರಾಜ.

"ನಂಗೆ ಜರಡಿ ಮಾತ್ರ ಗೊತ್ತು, ಮಹಾಸ್ವಾಮಿ."

"ನಂಗೆ ತಿಗರಿ ಮಾತ್ರ, ಮಹಾಸ್ವಾಮಿ."

"ನಂಗೆ ಬೆಂಕಿ ಮಾತ್ರ, ಮಹಾಸ್ವಾಮಿ."

ರಾಜನ ಮುಖ ಸಪ್ಪಗಾಯಿತು. ಝಂಪಾಲ ಕೈ ಹೊಸೆಯುತ್ತ, "ನಾನೇನು ಮಾಡಲಿ, ನಿಮ್ಮ ಜನಕ್ಕೆ ತಲೆಗೆ ಹತ್ತೋದಿಲ್ಲ. ಗುಡ್ಡ ಇನ್ನು ನನ್ನದು" ಅಂದ.

ಆಗ ಜನರ ನಡುವಿಂದ ಸಿದ್ದಾಜಮ್ಮ ಬಂದಳು. ಸೆರಗು ಸರಿಸಿ ಒಂದು ಭರಣಿ ಮುಂದಿಟ್ಟಳು. ಬೆರಳಿಂದ ತಟ್ಟಿದರೆ ಠಣ್ ಅಂತು. "ಜರಡಿಯಿಂದ ಬೆಂಕಿತನಕ ನಾನೇ ಮಾಡಿದ್ದು, ಮಹಾಸ್ವಾಮಿ."

ಝಂಪಾಲ ಕೆಂಡವಾದ. "ಆಣೆ ಮುರಿದಿದ್ದಾಳೆ! ಗೋಡೆಯಿಲ್ಲದ ಊಟದ ಹೊತ್ತಲ್ಲೇ ಒಬ್ಬರಿಗೊಬ್ಬರು ಎಲ್ಲಾ ಕಲಿಸಿಬಿಟ್ಟಿದ್ದಾರೆ! ಇವಳನ್ನ ರಾಜ್ಯದಿಂದ ಓಡಿಸಿ!" ಅಂದ. ತಾಮ್ರದ ತಗಡು ತಂದು ಅವಳ ಮೂಗಿಗೇ ಹಿಡಿದ.

ಸಿದ್ದಾಜಮ್ಮ ತಗಡನ್ನು ಕಣ್ಣಿಟ್ಟು ನೋಡಿದಳು. ಪರಿಚಯದ ಅಕ್ಷರ! "ಮಹಾಸ್ವಾಮಿ, ಇದರಲ್ಲಿ ಬರೆದಿರೋದು ನನ್ನ ಕೆಲಸದ ಹೆಸರು. ಕಲಿಸೋದಲ್ಲ, ಕಲಸೋದು!"

ಅರಮನೆಯ ಕರಣಿಕ ಬಗ್ಗಿ ಓದಿದ. "ಹೌದು ಮಹಾಸ್ವಾಮಿ. ಇಲ್ಲಿ ಗುಡಿಸು ಇಲ್ಲ."

"ಬೆಳಗ್ಗೆಯೇ ಗುಡಿಸಿಸಿದ್ದೇನಲ್ಲ!" ಅಂದ ಝಂಪಾಲ, ನೆಲ ನೋಡುತ್ತ.

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. 'ಲ'ವನ್ನು 'ಲಿ' ಮಾಡುವ, ಅಕ್ಷರದ ಮೇಲಿನ ಗುಡಿಸು ಗೊತ್ತಿಲ್ಲದವನು ನಾಡಿಗೇ ಪಾಠ ಹೇಳಲು ಬಂದಿದ್ದ!

ರಾಜ ನಗು ತಡೆದು ಹೇಳಿದ, "ಬರೆದದ್ದೇ ಆಣೆ ಅಂದರೆ, ನಾಳೆಯಿಂದ ನಿನ್ನ ಕಂಪನಿಯಲ್ಲಿ ಯಾರೂ ಮಣ್ಣು ಕಲಸುವ ಹಾಗಿಲ್ಲ. ತಪ್ಪು ಬರೆದೆ ಅಂದರೆ ಆಣೆಯೇ ಸುಳ್ಳು. ಯಾವುದು ಬೇಕು?"

ಅತ್ತ ದರಿ, ಇತ್ತ ಪುಲಿ. ಝಂಪಾಲ ತೊದಲಿದ, "ಆಣೆ ಸುಳ್ಳು, ಮಹಾಸ್ವಾಮಿ."

"ಹಾಗಾದರೆ ಈಕೆಯದು ತಪ್ಪಿಲ್ಲ. ನಮ್ಮ ಜನ ಎಲ್ಲಾ ಕಲಿತುಬಿಟ್ಟರು ಅಂತ ನಿನ್ನ ಬಾಯೇ ಹೇಳಿತು. ಗುಡ್ಡ ಅವರದು."

ಜನ ಹೋ ಎಂದು ಕೂಗಿದರು. ಸಿದ್ದಾಜಮ್ಮ ಅಳುತ್ತ ನಗುತ್ತ ಹೋಗಿ, ತಲೆ ತಗ್ಗಿಸಿ ನಿಂತಿದ್ದ ಆ ಮೂವರು ಪಂಡಿತರ ಕೈ ಹಿಡಿದಳು. "ನಾಚ್ಕೋಬ್ಯಾಡಿ ಕಣ್ರಪ್ಪ, ಬನ್ನಿ. ಮೊದಲು ನೀವು ಕಲೀರಿ" ಅಂದಳು. ಝಂಪಾಲನ ಹಡಗು ಹೊರಡುವ ಹೊತ್ತಿಗೆ ಪಾಠದ ಮನೆಯ ಗೋಡೆಗಳು ನೆಲಕ್ಕೆ ಬಿದ್ದಿದ್ದವು.

ಅದಕ್ಕೇ ಹೇಳುವುದು ಮಕ್ಕಳೇ: ಅರ್ಧ ಕಲಿಸುವವನಿಗೆ ಆಳು ಬೇಕು, ಪೂರ್ತಿ ಕಲಿಸುವವನೇ ಗುರು. ಹಂಚಿಕೊಂಡವರ ವಿದ್ಯೆಯನ್ನು ಯಾವ ಆಣೆಯೂ ಕಟ್ಟಿಹಾಕಲಾರದು. ನನಗೆ ಬಂದಷ್ಟು ಹೇಳಿದೆ; ಇನ್ನು ನೀವು ಹೋಗಿ ಯಾರಿಗಾದರೂ ಹೇಳಿ.