ಗಡಿಯಾರದವನ ಗಪ್ಪಿ ಮರಿಗಳು

“ಅಜ್ಜಾರ, ಇಷ್ಟೆಲ್ಲಾ ಮಾಡಿದ ಮ್ಯಾಲೂ ಆ ಹುಡುಗಿ ಯಾಕ ಬಾಡಾಕತ್ತಾಳ್ರಿ? ನಾ ಎಲ್ಲಿ ಕಡಿಮಿ ಮಾಡೀನಿ?”

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರನ್ನು ಹೀಗೆ ಕೇಳಿದವಳು ದಾನಮ್ಮ. ಮಠದ ಹೆಣ್ಣುಮಕ್ಕಳ ವಸತಿಗೃಹವನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಶಿಷ್ಯೆ. ಅವಳ ಆಡಳಿತದಲ್ಲಿ ಊಟ ಹೊತ್ತು ತಪ್ಪುತ್ತಿರಲಿಲ್ಲ, ಒಂದು ಮಗುವಿನ ತಲೆಯಲ್ಲೂ ಹೇನಿರಲಿಲ್ಲ. ಆದರೆ ಪಲ್ಲವಿ ಎಂಬ ಏಳು ವರ್ಷದ ಹುಡುಗಿ ಬಂದು ಹತ್ತು ದಿನವಾಗಿತ್ತು. ಬಂದ ಮರುದಿನದಿಂದ ಅವಳು ತಾಟಿನ ಮುಂದೆ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಯಾರೊಡನೆಯೂ ಮಾತಿಲ್ಲ. ಇನ್ನು ನಾಲ್ಕು ದಿನ ಹೀಗೇ ಹೋದರೆ ಊರಿಗೆ ವಾಪಸ್ಸು ಕಳಿಸಬೇಕಾಗುತ್ತಿತ್ತು. ಕಳಿಸಿದರೆ ಅವಳ ಓದು ಅಲ್ಲಿಗೆ ಮುಗಿದಂತೆಯೇ.

ದಾನಮ್ಮ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಬಂದ ದಿನವೇ ಎಣ್ಣೆ ಹಚ್ಚಿ ಎರೆದಿದ್ದಳು. ಹೊಸ ಲಂಗ ಹೊಲಿಸಿದ್ದಳು, ಹೊಸ ಚಾದರ ಕೊಟ್ಟಿದ್ದಳು. ಹುಡುಗಿ ಮನೆಯಿಂದ ತಂದ, ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಹರಿದು, ಜಿಡ್ಡುಗಟ್ಟಿ ನಾರುತ್ತಿತ್ತು. ಅದನ್ನು ಬಿಡಿಸಿಕೊಂಡು ಕಟ್ಟಿಗೆ ಕೋಣೆಗೆ ಹಾಕಿ ಕೀಲಿ ಜಡಿದಿದ್ದಳು. ಬೆಳಗ್ಗೆ ತನ್ನ ಪಾಲಿನ ಹಾಲನ್ನೂ ಆ ಹುಡುಗಿಗೇ ಕೊಡುತ್ತಿದ್ದಳು. ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಅಳುವುದು ಅವಳ ಜಾಯಮಾನವಲ್ಲ.

ಅಜ್ಜಾರು ಅವಳನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ನಿಂತುಹೋದ ಗಡಿಯಾರ ಅವನ ಕೈ ಸೇರಿದರೆ ನಡೆಯಲೇಬೇಕು. ಧೂಳೇ ಶತ್ರು ಎಂಬುದು ಅವನು ಕಲಿತ ವಿದ್ಯೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರ ಬಿಚ್ಚಿ, ಒಂದೊಂದು ಹಲ್ಲುಚಕ್ರವನ್ನೂ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂಡಿಸುತ್ತಿದ್ದ. ಕಣ್ಣಿಗೆ ಕಾಣದ ಕಸ ಅವನಿಗೆ ಕಾಣುತ್ತಿತ್ತು, ಕಂಡದ್ದನ್ನು ಬಿಡುವ ಪೈಕಿ ಅವನಲ್ಲ.

ಅವನ ಪಕ್ಕದ ಮನೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಓಣಿಯ ಅರ್ಧ ಜನ ಅವಳ ಕೈಮೇಲೆ ಹುಟ್ಟಿದವರು, ಗಡಿಯಾರದವನೂ ಸೇರಿ. ಈಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಹೆರಿಗೆ ಮಾಡಿಸುವುದು ಬಿಟ್ಟ ಮೇಲೆ ಅವಳು ಒಂದು ಗಾಜಿನ ತೊಟ್ಟಿ ಇಟ್ಟು ಗಪ್ಪಿ ಮೀನು ಸಾಕಿದ್ದಳು. ಗಪ್ಪಿ ಮೊಟ್ಟೆ ಇಡುವ ಮೀನಲ್ಲ, ಮರಿ ಹಾಕುತ್ತದೆ. ಹಾಕಿದ ಮರಿಯನ್ನು ಹಸಿವಾದರೆ ತಾನೇ ತಿಂದೂ ಬಿಡುತ್ತದೆ. ಕಣ್ಣಿನ ಆಪರೇಷನ್ನಿಗೆ ಹೊರಟ ದಿನ ಸೂಲಗಿತ್ತಿ ಆ ತೊಟ್ಟಿಯನ್ನು ಗಡಿಯಾರದವನ ಮನೆಗೆ ಹೊರಿಸಿ ತಂದಳು. ಅದರಲ್ಲಿ ತುಂಬು ಬಸುರಿ ಮೀನೊಂದಿತ್ತು.

“ಮರಿ ಹಾಕಿದ ಕೂಡ್ಲೆ ತಾಯೀನ ಬ್ಯಾರೆ ತಗದಿಡು. ನನ್ನ ಮಬ್ಬುಗಣ್ಣಿಗೆ ಇಲ್ಲೀತನಾ ಒಂದು ಮರೀನೂ ಕಂಡಿಲ್ಲ. ಪೊರಿ ತಗಿಸಿಕೊಂಡು ಬಂದ ಮ್ಯಾಲ ಮೊದಲ ಅವನ್ನ ನೋಡಬೇಕು. ನಾಕರ ಉಳಸಪಾ,” ಎಂದಳು.

“ನಾಕ್ಯಾಕ, ಎಲ್ಲಾ ಉಳಸತೀನಿ,” ಎಂದ ಅವನು.

ಮೂರನೆಯ ದಿನ ಮೀನು ಮರಿ ಹಾಕಿತು. ರೆಪ್ಪೆಕೂದಲಿನಷ್ಟು ಉದ್ದದ ಮರಿಗಳು, ಅದರಲ್ಲಿ ಕಣ್ಣೇ ದೊಡ್ಡದು. ಅವನು ತಾಯಿಯನ್ನು ಜಾಳಿಗೆಯಲ್ಲಿ ಹಿಡಿದು ಬೇರೆ ಭರಣಿಗೆ ಬಿಟ್ಟ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡು ತೊಟ್ಟಿಯನ್ನು ನೋಡಿದ. ಗಾಜಿಗೆ ಪಾಚಿ ಹತ್ತಿತ್ತು. ನೀರಿನಲ್ಲಿ ಕಣಗಳು ತೇಲುತ್ತಿದ್ದವು. ನಡುವೆ ಒಂದು ನೀರುಗಿಡ ಜಡೆಗಟ್ಟಿಕೊಂಡು ಬಿದ್ದಿತ್ತು. ಪಾಪ, ಮುದುಕಿಗೆ ಕಣ್ಣು ಕಾಣುವುದಿಲ್ಲವಲ್ಲ ಎಂದು ಅವನು ಮರುಗಿದ.

ಕೂಡಲೇ ಕೆಲಸಕ್ಕೆ ಕೂತ. ಕಂಡ ಮರಿಗಳನ್ನೆಲ್ಲ ಚಮಚದಿಂದ ಒಂದೊಂದಾಗಿ ಎತ್ತಿ ಬಟ್ಟಲಿಗೆ ಬಿಟ್ಟ. ಇಪ್ಪತ್ತೆರಡು ಇದ್ದವು. ಹಳೆಯ ನೀರನ್ನು ಮಲ್ಲಿಗೆ ಗಿಡಕ್ಕಾದರೂ ಆದೀತೆಂದು ಹಿತ್ತಲ ಬಕೆಟ್ಟಿಗೆ ಸುರಿದ, ಜಡೆಗಟ್ಟಿದ ಗಿಡವನ್ನೂ ಅದರಲ್ಲೇ ಎಸೆದ. ಗಾಜು ಉಜ್ಜಿದ. ತಳದ ಹರಳುಗಳನ್ನು ಬಿಸಿನೀರಿನಲ್ಲಿ ತೊಳೆದ. ಔಷಧದ ವಾಸನೆಯ ನಲ್ಲಿನೀರನ್ನು ತುಂಬಿ ಮರಿಗಳನ್ನು ಬಿಟ್ಟ. ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು.

ಮರುದಿನ ಮರಿಗಳು ಒಂದು ಮೂಲೆಗೆ ಒತ್ತಿಕೊಂಡು ನಡುಗುತ್ತಿದ್ದವು. ಬೆಂದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ದಿನಕ್ಕೆ ಆರು ಸಲ ಹಾಕಿದ. ಅವು ಬಾಯಿ ಹಾಕಲಿಲ್ಲ. ಸಂಜೆಗೆ ಮೂರು ಸತ್ತವು. ಎಲ್ಲೋ ಕಸ ಉಳಿದಿದೆ ಎಂದು ಮತ್ತೆ ಎಲ್ಲ ನೀರು ಬದಲಿಸಿದ. ಮತ್ತೆ ಐದು ಸತ್ತವು. ಅಂಗಡಿಗೆ ಬಂದ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ವಾಪಸ್ಸಾದರು. ಅವನು ತೊಳೆಯುತ್ತಲೇ ಇದ್ದ.

ಹೆಂಡತಿ ಹಿತ್ತಲಿನಿಂದ ದಿನಾ ಕೂಗುತ್ತಿದ್ದಳು. “ಆ ಬಕೀಟು ಚೆಲ್ಲಿ ಬರ್ರಿ. ನೀರು ಹಸರಾಗೇತಿ, ಸೊಳ್ಳಿಮರಿ ಆಗ್ಯಾವ.”

ಅವನು “ಹೂಂ” ಎನ್ನುತ್ತಿದ್ದ. ಸ್ವಚ್ಛ ಮಾಡುವ ಅವಸರದಲ್ಲಿ ಬಕೆಟ್ಟು ಚೆಲ್ಲಲು ಅವನಿಗೆ ಪುರುಸೊತ್ತೇ ಆಗಲಿಲ್ಲ.

ಮರಿ ಹಾಕಿದ ಆರನೆಯ ದಿನ ತೊಟ್ಟಿಯಲ್ಲಿ ಒಂದು ಮರಿಯೂ ಉಳಿಯಲಿಲ್ಲ.

“ಇಪ್ಪತ್ತೆರಡೂ?” ಎಂದಳು ದಾನಮ್ಮ. ಅಜ್ಜಾರು ತಲೆಯಾಡಿಸಿದರು.

ಮರುದಿನ ಸೂಲಗಿತ್ತಿ ಬರುವವಳಿದ್ದಳು. ಗಡಿಯಾರದವನಿಗೆ ಅನ್ನ ಇಳಿಯಲಿಲ್ಲ. ಎಲ್ಲಿಂದಲಾದರೂ ಬೇರೆ ಮರಿ ತಂದು ಬಿಟ್ಟರೆ ಆಕೆಗೆ ಗೊತ್ತಾಗುವುದಿಲ್ಲ ಎಂದು ಒಮ್ಮೆ ಅನಿಸಿತು. ತನ್ನನ್ನು ಭೂಮಿಗೆ ತಂದ ಕೈಗೆ ಸುಳ್ಳು ಕೊಡಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಹೇಳಿಬಿಡುವುದೆಂದು ನಿಶ್ಚಯಿಸಿ, ಖಾಲಿ ತೊಟ್ಟಿಯನ್ನು ಬೋರಲು ಹಾಕಲು ಹಿತ್ತಲಿಗೆ ಒಯ್ದ. ಹೋದವನು, ಹೆಂಡತಿಯ ಮಾತೊಂದಾದರೂ ನಡೆಯಲಿ ಎಂದು ಬಕೆಟ್ಟಿಗೆ ಕೈ ಹಾಕಿದ.

ಗಿಡದ ಸಂದಿಯಲ್ಲಿ ಏನೋ ಸರಿದಾಡಿತು.

ಅವನು ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು ಭೂತಗನ್ನಡಿ ಸಿಕ್ಕಿಸಿಕೊಂಡ. ಗಪ್ಪಿ ಮರಿ. ಅದರ ಹಿಂದೆ ಇನ್ನೊಂದು. ತೊಟ್ಟಿ ತೊಳೆದ ದಿನ ಗಿಡದೊಳಗೆ ಅಡಗಿದ್ದ ಮರಿಗಳು ಅವನ ಚಮಚಕ್ಕೆ ಸಿಕ್ಕಿರಲಿಲ್ಲ. ಅದೇ ಹಳೆಯ ನೀರಿನಲ್ಲಿ, ಅದೇ ಗಿಡದ ನೆರಳಿನಲ್ಲಿ, ಸಿಕ್ಕಿದ್ದನ್ನು ತಿಂದುಕೊಂಡು ಅವು ಹುಟ್ಟಿದ ದಿನಕ್ಕಿಂತ ಎರಡರಷ್ಟು ಬೆಳೆದಿದ್ದವು. ಹನ್ನೊಂದು ಎಣಿಸಿದ. ಮುಂದೆ ಎಣಿಸಲಾಗಲಿಲ್ಲ, ಭೂತಗನ್ನಡಿ ಒದ್ದೆಯಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವನು ಆರು ದಿನದ ಉಸಿರನ್ನು ಒಮ್ಮೆಲೇ ಬಿಟ್ಟ. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಸೂಲಗಿತ್ತಿ ಬಂದಳು. ಅವನು ಸತ್ತ ಇಪ್ಪತ್ತೆರಡನ್ನು ಮೊದಲು ಹೇಳಿ, ಬದುಕಿದ ಹನ್ನೊಂದನ್ನು ಆಮೇಲೆ ಹೇಳಿದ. ಅವಳು ಕಪ್ಪು ಕನ್ನಡಕ ಮೇಲೆತ್ತಿ ಬಕೆಟ್ಟಿನ ಪಕ್ಕ ಬಹಳ ಹೊತ್ತು ಕೂತಳು. ಅವಳ ಮುಖ ಅರಳಿತು.

“ಹನ್ನೊಂದಲ್ಲೋ, ಹದಿಮೂರು ಅದಾವ,” ಎಂದಳು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದಳು. “ನೀ ಹುಟ್ಟಿದ ದಿನ ನಿಮ್ಮ ಮನ್ಯಾಗ ಹೊಸಾ ಬಟ್ಟಿ ರಗಡ ಇದ್ದವು. ನಾ ನಿನ್ನ ಸುತ್ತಿದ್ದು, ನಿಮ್ಮವ್ವ ಉಟ್ಟುಟ್ಟು ಸವದ ಸೀರ್ಯಾಗ.”

ಕತೆ ಮುಗಿಯಿತು. ದಾನಮ್ಮನ ಮುಖ ಸಡಿಲಾಗಿತ್ತು. ಹತ್ತು ದಿನದಲ್ಲಿ ಮೊದಲ ಸಲ ಅವಳು ನಕ್ಕಳು.

“ಪುಣ್ಯಾ ಅಜ್ಜಾರ, ಬಕೀಟು ಚೆಲ್ಲದ ಉಳದಿತ್ತು,” ಎಂದಳು.

“ಕಟ್ಟಿಗಿ ಕೋಣಿ ಕೀಲಿ ನಿನ್ನ ಕಡೇನ ಐತಲ್ಲ, ತಂಗಿ?” ಎಂದರು ಅಜ್ಜಾರು.

ದಾನಮ್ಮನ ಕೈ ಸೊಂಟದ ಕೀಲಿಗೊಂಚಲಿನ ಮೇಲಿತ್ತು.