ಕಡಜದ ರೆಕ್ಕೆಯೂ ಕೆಂಪಿರುವೆಯೂ

ಮಕ್ಕಳೇ, ಒಂದು ಹೊನ್ನೆ ಮರದ ಪೊಟರೆಯಲ್ಲಿ ಜೇನುಗಳ ಗೂಡಿತ್ತು. ಬಾಗಿಲು ಕಾಯುವವಳು ಸೂಜವ್ವ, ಅವಳ ಕೈಕೆಳಗೆ ಇಪ್ಪತ್ತು ಕಾವಲುಗಾರ್ತಿಯರು. ಸೂಜವ್ವನಿಗೆ ತಿಳಿಯದ್ದು ಕಾಡಿನಲ್ಲಿ ಏನೂ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವಳೂ ಸೂಜವ್ವನೇ.

ಒಂದು ದಿನ ಮುದಿ ಜೇನು ತುಪ್ಪಜ್ಜಿ ಒಂದು ಒಣ ರೆಕ್ಕೆ ಹೊತ್ತು ತಂದಳು.

"ಸೂಜವ್ವಾ, ಹೊಳೆಯಾಚೆ ಕಡಜಗಳು ಬಂದಿವೆಯಂತೆ. ಗೂಡಿಗೆ ನುಗ್ಗಿದರೆ ನಮ್ಮ ಮರಿಗಳಲ್ಲಿ ಒಂದೂ ಉಳಿಯೋದಿಲ್ಲ. ಇದು ಸತ್ತ ಕಡಜದ ರೆಕ್ಕೆ, ಏನೂ ಮಾಡೋದಿಲ್ಲ. ಎಲ್ಲರೂ ಮೂಸಿ ವಾಸನೆ ನೆನಪಿಟ್ಟುಕೊಳ್ಳಿ."

ಸೂಜವ್ವ ಆಕಳಿಸಿದಳು. "ಒಣ ರೆಕ್ಕೆಗೆ ಯಾರಜ್ಜಿ ಹೆದರ್ತಾರೆ? ಅಲ್ಲಿಡಿ, ಆಮೇಲೆ ನೋಡ್ತೀವಿ."

ಮರುದಿನ ಅಜ್ಜಿ ಕೇಳಿದಳು, "ನಿನ್ನೆ ನಾನು ತಂದದ್ದೇನು?"

"ತರಗೆಲೆ ಅಲ್ವಾ?" ಎಂದಳು ಒಬ್ಬ ಕಾವಲುಗಾರ್ತಿ.

ಅಜ್ಜಿಗೆ ಅಳುವೇ ಬಂತು. ಒಳಗೆ ಮುನ್ನೂರು ಮರಿಗಳು ಮಲಗಿದ್ದವು. ಅವಳು ನೇರ ಮರದ ಬುಡಕ್ಕೆ ಹೋಗಿ ಕೆಂಪಿರುವೆ ಚುರುಕಿಯನ್ನು ಕರೆದಳು. "ನಮ್ಮವರಿಗೆ ಒಂದೊಂದು ಸಲ ಕಚ್ಚಿ ಹೋಗ್ತೀಯೇನೇ?"

"ಕೇಳ್ಬೇಕಾ ಅಜ್ಜಿ, ನನ್ನ ಕಸುಬೇ ಅದು!"

ಅಜ್ಜಿ ಬಾಗಿಲಲ್ಲಿ ಅದೇ ರೆಕ್ಕೆ ಇಟ್ಟಳು. ಚುರುಕಿ ತನ್ನ ಕೆಲಸ ಮುಗಿಸಿದಳು.

"ಅಯ್ಯಯ್ಯೋ! ಯಾರೇ ಅದು?" ತೂಕಡಿಸುತ್ತಿದ್ದ ಸೂಜವ್ವನೂ ಇಪ್ಪತ್ತು ಮಂದಿಯೂ ದಡಬಡಿಸಿ ಎದ್ದರು. ಎದುರಿಗೆ ಕಂಡದ್ದು ರೆಕ್ಕೆ. ಸುತ್ತಿ ಸುತ್ತಿ ಮೂಸಿದರು. "ಈ ವಾಸನೆ ಇನ್ನೊಂದ್ಸಲ ಇತ್ತ ಬರಲಿ, ನೋಡ್ಕೋತೀವಿ!"

ಅಷ್ಟರಲ್ಲಿ ಜಾರಿಕೊಳ್ಳುತ್ತಿದ್ದ ಚುರುಕಿಯನ್ನು ಸೂಜವ್ವ ಕಂಡಳು. "ಅಜ್ಜಿ, ರೆಕ್ಕೆ ತಂದ್ರಿ, ಸರಿ. ಈ ಉರಿಮಾರಿ ಯಾಕೆ ಬೇಕಿತ್ತು?"

"ನಿನ್ನೆ ಬರೀ ರೆಕ್ಕೆಯನ್ನೇ ತಂದಿದ್ದೆನಲ್ಲ, ಏನಾಯ್ತು?"

ಸೂಜವ್ವ ಕಚ್ಚಿಸಿಕೊಂಡ ಕಾಲು ಉಜ್ಜಿಕೊಂಡಳು. ಸಂಜೆಗೆ ಉರಿ ಇಳಿಯಿತು.

ವಾರ ಕಳೆದು ನಿಜವಾದ ಕಡಜ ಬಂತು. ಅದು ಹೊಸ್ತಿಲಿಗೆ ಕಾಲಿಡುವ ಮೊದಲೇ "ಅದೇ ವಾಸನೆ!" ಎಂದು ಸೂಜವ್ವ ಕೂಗಿದಳು. ಎಲ್ಲರೂ ಮುತ್ತಿ, ಉಂಡೆಕಟ್ಟಿ, ಮೈಬಿಸಿಯಿಂದಲೇ ಅದನ್ನು ಬೇಯಿಸಿ ಕೆಡವಿದರು. ಒಂದು ಮರಿಯೂ ಎಚ್ಚರಗೊಳ್ಳಲಿಲ್ಲ.

ಸೂಜವ್ವ ಜೇನಿನ ಹನಿ ಹಿಡಿದು ಚುರುಕಿಯ ಮನೆಗೆ ಹೋದಳು. "ನಮ್ಮನ್ನು ಉಳಿಸಿದವಳು ನೀನು ಕಣೇ."

ಚುರುಕಿ ನಕ್ಕಳು. "ಕಡಜ ಹೇಗಿರುತ್ತೆ ಅಂತ ನನಗೇ ಗೊತ್ತಿಲ್ಲ! ಕಲಿಸಿದ್ದು ರೆಕ್ಕೆ, ಕಾದದ್ದು ನೀವು. ನಾನು ನಿಮ್ಮ ನಿದ್ದೆ ಕೆಡಿಸಿದೆ, ಅಷ್ಟೆ."

ಮಕ್ಕಳೇ, ಕೆಲವು ಲಸಿಕೆಗಳಲ್ಲೂ ರೋಗಾಣುವಿನ ಒಂದು ಚೂರಿನ ಜೊತೆ ಮೈಯ ಕಾವಲುಗಾರರನ್ನು ಎಬ್ಬಿಸುವ ಇಂಥದೊಂದು ಸಹಾಯಕ ವಸ್ತು ಇರುತ್ತದೆ. ಸೂಜಿ ಹಾಕಿಸಿಕೊಂಡ ತೋಳು ಒಂದು ದಿನ ನೋಯುತ್ತಿದ್ದರೆ ಚುರುಕಿಯನ್ನು ನೆನೆದು ಸುಮ್ಮನಾಗಿ.

ನೀತಿ: ಎಚ್ಚರದಲ್ಲಿ ಕಲಿತ ಪಾಠವೇ ಆಪತ್ತಿಗೆ ಆಗುವುದು, ಎಬ್ಬಿಸಿದವರನ್ನು ಬೈಯಬೇಡಿ.